ಹಿತ್ತಿಲ ಗೋಡೆಯೂ ನೀರಿನ ದಾರಿಯೂ

ಈ ಸಲದ ಯುಗಾದಿ ಕೂಟದಲ್ಲಿ ಬಿಸಿಬೇಳೆ ಭಾತಿನ ಸಾಲಿನಲ್ಲಿ ನಿಂತಿದ್ದಾಗ ಮೂರು ಮನೆಯವರು ಒಬ್ಬರಾದ ಮೇಲೊಬ್ಬರು ನನ್ನನ್ನು ಹಿಡಿದು ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮ ಹಿತ್ತಿಲ ಗೋಡೆ ಬಿದ್ದುಹೋಗಿತ್ತಂತಲ್ಲ, ಆಮೇಲೆ ಏನು ಮಾಡಿದಿರಿ?” ಬಿದ್ದಿರಲಿಲ್ಲ, ಬೀಳುವುದರಲ್ಲಿತ್ತು ಎಂದು ತಿದ್ದಿ ಹೇಳುವಷ್ಟರಲ್ಲಿ, ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದ ಸಂಪಾದಕರು, “ಬಾಯಲ್ಲಿ ಹೇಳಬೇಡಿ, ಬರೆದುಕೊಡಿ. ಮೂರು ಮನೆಗಲ್ಲ, ಎಲ್ಲ ಮನೆಗೂ ಉಪಯೋಗವಾದೀತು” ಎಂದುಬಿಟ್ಟರು. ನಾನು ಸಿವಿಲ್ ಇಂಜಿನಿಯರನಲ್ಲ. ನನ್ನ ಹೊಟ್ಟೆಪಾಡು ಕಂಪ್ಯೂಟರಿನದು. ಆದರೆ ಒಂದೇ ಗೋಡೆಯನ್ನು ಎರಡು ಸಲ ಕಟ್ಟಿಸಿ, ಎರಡು ಸಲವೂ ಹಣ ತೆತ್ತವನು. ಆ ಒಂದು ಅರ್ಹತೆಯ ಮೇಲೆ ಬರೆಯುತ್ತಿದ್ದೇನೆ.

ಪಿಟ್ಸ್‌ಬರ್ಗಿನ ಸುತ್ತಮುತ್ತ ಮನೆ ಮಾಡಿದವರಿಗೆ ಸಮತಟ್ಟು ನೆಲವೆಂಬುದು ಎಷ್ಟು ದುರ್ಲಭವೆಂದು ಹೇಳಬೇಕಾಗಿಲ್ಲ. ಹಿಮ ಬಿದ್ದ ದಿನ ಪೆನ್ ಹಿಲ್ಸಿನ ವೆಂಕಟೇಶ್ವರ ದೇವಸ್ಥಾನಕ್ಕೆ ಹೊರಟು ಗೋವಿಂದನನ್ನು ದಾರಿಯ ಏರಿನಲ್ಲೇ ಸ್ಮರಿಸಿದವರು ನಮ್ಮಲ್ಲಿ ಹಲವರಿದ್ದೇವೆ. ಇಲ್ಲಿಯವರು ‘ಪ್ಲಾನ್’ ಎಂದು ಕರೆಯುವ ಬಡಾವಣೆಗಳಲ್ಲಿ ಎಷ್ಟೋ ಮನೆಗಳನ್ನು ಗುಡ್ಡದ ಹೆಗಲು ಕಡಿದೇ ಕೂರಿಸಿದ್ದಾರೆ. ಹಾಗೆ ಕಡಿದಲ್ಲಿ ನಿಲ್ಲುವ ನೇರ ಮಣ್ಣಿಗೆ ನಮ್ಮ ಮಲೆನಾಡಿನಲ್ಲಿ ‘ಧರೆ’ ಎನ್ನುತ್ತೇವೆ. ಧರೆ ಜರಿಯದಂತೆ ಅದರ ಮುಂದೆ ಕಟ್ಟುವುದೇ ತಡೆಗೋಡೆ. ಇಲ್ಲಿಯ ಮಾತಿನಲ್ಲಿ ರಿಟೈನಿಂಗ್ ವಾಲ್. ಈ ಗುಡ್ಡಗಳ ಹೊಟ್ಟೆಯಲ್ಲಿ ಒಂದು ಕೆಂಪು ಜೇಡಿಕಲ್ಲಿನ ಪದರವಿದೆ. ಭೂಗರ್ಭಶಾಸ್ತ್ರಜ್ಞರು ಅದಕ್ಕೆ ‘ಪಿಟ್ಸ್‌ಬರ್ಗ್ ರೆಡ್ ಬೆಡ್ಸ್’ ಎಂದೇ ಹೆಸರಿಟ್ಟಿದ್ದಾರೆ. ಬಣ್ಣ ನೋಡಿ ನಮ್ಮೂರಿನ ಜಂಬಿಟ್ಟಿಗೆಯ ನೆನಪಾದರೆ ಮೋಸಹೋದಿರಿ. ಜಂಬಿಟ್ಟಿಗೆಯ ಮೈಯೆಲ್ಲ ತೂತು, ನೀರನ್ನು ಬಿಟ್ಟುಕೊಡುತ್ತದೆ. ಇದು ಒಣಗಿದ್ದಾಗ ಕಲ್ಲು, ನೆನೆದಾಗ ಸಾಬೂನು.

ನಾವು ಮನೆ ಕೊಂಡದ್ದು 2009ರಲ್ಲಿ. ಅಡಿಗೆಮನೆಯ ಹಿಂಬಾಗಿಲಿನಿಂದ ಹೊರಬಿದ್ದರೆ ಒಂದು ಕಾಲುದಾರಿ. ಅದರಾಚೆ ಹಳೆಯ ರೈಲು ಸ್ಲೀಪರುಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ್ದ 6 ಅಡಿ ಎತ್ತರ, 40 ಅಡಿ ಉದ್ದದ ಗೋಡೆ. ಅದರ ಮೇಲೆ ಹತ್ತಡಿ ನಮ್ಮ ಜಾಗ, ಆಮೇಲೆ ಮೇಲ್ಮನೆಯವರ ಬೇಲಿ. ಸ್ಲೀಪರುಗಳು ಹಿಂಬದಿಯಿಂದ ಕೊಳೆತು ಹೋಗಿದ್ದವು. (ಇಂಥ ಮರಕ್ಕೆ ಕ್ರಿಯೋಸೋಟ್ ಎಂಬ ವಿಷದ ಎಣ್ಣೆ ಕುಡಿಸಿರುತ್ತಾರೆ. ಅದರ ಪಕ್ಕದಲ್ಲಿ ಮೆಂತ್ಯ, ಕೊತ್ತಂಬರಿ ಬೆಳೆಯುತ್ತಿರುವವರು ದಯವಿಟ್ಟು ನಿಲ್ಲಿಸಿ.) 2015ರ ಬೇಸಿಗೆಯಲ್ಲಿ ಒಬ್ಬ ಕಂಟ್ರಾಕ್ಟರು ಬಂದು ಮರವನ್ನೆಲ್ಲ ಕಿತ್ತು ಸಿಮೆಂಟು ಬ್ಲಾಕಿನ ಗೋಡೆ ಕಟ್ಟಿ, ಗಿಲಾವು ಮಾಡಿ, ಕಲ್ಲಿನ ಬಣ್ಣ ಬಳಿದು ಕೊಟ್ಟ. 9,000 ಡಾಲರು. ಬುಡದಲ್ಲಿ ಮೂರು ಕಡೆ ಸಣ್ಣ ಕೊಳವೆಯ ತುಂಡು ಹೊರಗೆ ಇಣುಕುತ್ತಿತ್ತು. ನೋಡಲು ಬಹಳ ಚೆನ್ನಾಗಿತ್ತು. ಗೃಹಪ್ರವೇಶಕ್ಕೂ ಇಷ್ಟು ಫೋಟೋ ತೆಗೆದಿರಲಿಲ್ಲ.

ಈಗ ನನ್ನ ತಪ್ಪೊಪ್ಪಿಗೆ. ಆ ಮೂರು ತೂತುಗಳಲ್ಲಿ ಎರಡು ಚಳಿಗಾಲದಲ್ಲೂ ತೊಟ್ಟಿಕ್ಕುತ್ತಿದ್ದವು. ಮೂರನೆಯದು ಮೊದಲ ವರ್ಷವೇ ಮಣ್ಣು ಕಟ್ಟಿ ಒಣಗಿತ್ತು. ತೊಟ್ಟಿಕ್ಕಿದ ನೀರು ಕಾಲುದಾರಿಯ ಮೇಲೆ ಗಾಜಿನಂತೆ ಹೆಪ್ಪುಗಟ್ಟುತ್ತಿತ್ತು. 2017ರ ಜನವರಿಯ ಒಂದು ಬೆಳಗ್ಗೆ ಕಸದ ಡಬ್ಬ ಇಡಲು ಹೋದ ನನ್ನಾಕೆ ಅಲ್ಲಿ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡಳು. ಅಂದು ನನಗೆ ಆ ಗೋಡೆಯ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಹಿಮ ಕರಗಿದ್ದೇ ತಡ, ಎರಡು ತೂತಿಗೂ ಹಳೆ ಬಟ್ಟೆ ತುರುಕಿ, ಮೇಲೆ ಸಿಮೆಂಟು ಮೆತ್ತಿದೆ. ಸೋರುವುದು ನಿಂತಿತು. ಆ ವರ್ಷವಿಡೀ ನಾನು ಅದನ್ನು ನನ್ನ ಕೈಚಳಕವೆಂದೇ ತಿಳಿದಿದ್ದೆ.

2018 ಬಂತು. ಪಿಟ್ಸ್‌ಬರ್ಗಿನಲ್ಲಿ ಆ ವರ್ಷ ಬಿದ್ದ ಮಳೆ ಸುಮಾರು 58 ಇಂಚು. ಅದುವರೆಗಿನ ದಾಖಲೆಗಳಲ್ಲೆಲ್ಲ ಅದೇ ಹೆಚ್ಚು. ಸಾಮಾನ್ಯ ವರ್ಷದಲ್ಲಿ ಇಲ್ಲಿ 38-39 ಇಂಚು. ಫೆಬ್ರವರಿಯಲ್ಲಿ ಹಿಮ ಬೀಳಬೇಕಾದ ಕಡೆ ಮಳೆ ಸುರಿಯಿತು. ಊರಿನ ಸುತ್ತ ಗುಡ್ಡಗಳು ಅಲ್ಲಲ್ಲಿ ಜರಿಯತೊಡಗಿದವು. ಏಪ್ರಿಲ್ 7ರಂದು ಈಸ್ಟ್ ಪಿಟ್ಸ್‌ಬರ್ಗಿನಲ್ಲಿ 30ನೆಯ ನಂಬರಿನ ಹೆದ್ದಾರಿಯ ಒಂದು ತುಂಡೇ ಕುಸಿದು, ಕೆಳಗಿದ್ದ ಅಪಾರ್ಟ್‌ಮೆಂಟ್ ಕಟ್ಟಡವನ್ನು ಹಾಳುಮಾಡಿತು. ಪುಣ್ಯಕ್ಕೆ ಪ್ರಾಣಾಪಾಯವಾಗಲಿಲ್ಲ. ಆ ದಾರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದವರು ನಮ್ಮ ಸಂಘದಲ್ಲೂ ಇದ್ದಾರೆ.

ಅದೇ ಏಪ್ರಿಲ್ ತಿಂಗಳಲ್ಲಿ ನನ್ನ ಮಾವನವರು ಆರು ತಿಂಗಳ ಮಟ್ಟಿಗೆ ಬಂದರು. ಪಿ.ಡಬ್ಲ್ಯು.ಡಿ.ಯಲ್ಲಿ ಹೊಸನಗರ, ತೀರ್ಥಹಳ್ಳಿ, ಸಾಗರ ಎಂದು ಮಲೆನಾಡಿನಲ್ಲೇ ಸರ್ವೀಸು ಮುಗಿಸಿ ನಿವೃತ್ತರಾದವರು. ಮಳೆಗಾಲವೆಂದರೆ ಅವರಿಗೆ ರಾತ್ರಿ ಹನ್ನೆರಡಕ್ಕೆ ಜೀಪು ಹತ್ತಿ ‘ಧರೆ ಬಿದ್ದ’ ಕಡೆಗೆ ಓಡುವ ಕಾಲ. ಬಂದ ಮೂರನೆಯ ದಿನ ಮಂಕಿ ಟೋಪಿ, ನನ್ನ ಓವರ್‌ಕೋಟು ಧರಿಸಿ ಹಿತ್ತಿಲಿಗೆ ವಾಯುಸೇವನೆಗೆಂದು ಹೋದವರು ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. ಹೋಗಿ ನೋಡಿದರೆ ಗೋಡೆಯ ಮೇಲಿನಿಂದ ದಾರಕ್ಕೆ ಒಂದು ನಟ್ಟು ಕಟ್ಟಿ ಇಳಿಬಿಟ್ಟು, ಬಗ್ಗಿ ನೋಡುತ್ತಿದ್ದಾರೆ. ಗೋಡೆ ನಡುಭಾಗದಲ್ಲಿ ಎರಡೂವರೆ ಇಂಚು ಮುಂದಕ್ಕೆ ಬಂದಿತ್ತು. ದಿನಾ ನೋಡುವ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

“ಅಳಿಯಂದಿರೇ, ಈ ಗೋಡೆ ಹಿಂದಿನ ನೀರು ಎಲ್ಲಿ ಹೋಗ್ತದೆ?”

“ಹಿಂದುಗಡೆ ಪೈಪು ಹಾಕಿದ್ದಾರೆ, ಮಾವ.”

“ಹಾಕಿರಬಹುದು. ಅದರ ಬಾಯಿ ಎಲ್ಲುಂಟು?”

ನಾನು ಗೋಡೆಯ ಎರಡು ತುದಿಗೂ ಹೋಗಿ ಹುಡುಕಿದೆ. ಹುಲ್ಲು ಕೆದರಿದೆ. ಬಾಯಿ ಸಿಗಲಿಲ್ಲ. ಅಷ್ಟರಲ್ಲಿ ಅವರ ಕಣ್ಣು ಬುಡದ ಸಿಮೆಂಟಿನ ತೇಪೆಗಳ ಮೇಲೆ ಬಿತ್ತು. ಯಾರು ಮಾಡಿದ್ದೆಂದು ಕೇಳಲಿಲ್ಲ. ನನ್ನ ಮುಖದಲ್ಲೇ ಓದಿಕೊಂಡಿರಬೇಕು. ಅಳಿಯನಿಗೆ ನೇರವಾಗಿ ಹೇಳುವ ಪದ್ಧತಿ ಅವರದಲ್ಲ. ಒಳಗೆ ಬಂದು, ನನಗೆ ಕೇಳಿಸುವಂತೆ ಮಗಳ ಹತ್ತಿರ, “ಮೂಗು ಸೋರ್ತದೆ ಅಂತ ಯಾರಾದ್ರೂ ಮೂಗಿಗೆ ಬೂಚು ಹೊಡೀತಾರೇನೆ?” ಎಂದರು. ಆಮೇಲೆ ಕಾಫಿ ಕುಡಿದು, “ಮೊದಲು ಮಗುವಿನ ಉಯ್ಯಾಲೆ ಅಲ್ಲಿಂದ ತೆಗೀರಿ” ಎಂದರು. ಆಗ ನನ್ನ ಎದೆ ಧಸಕ್ಕೆಂದಿತು. ಮಗಳ ಉಯ್ಯಾಲೆ ಗೋಡೆಯ ಉಬ್ಬಿನಿಂದ ನಾಲ್ಕಡಿಯಲ್ಲಿತ್ತು.

ಆ ರಾತ್ರಿ ಅಡಿಗೆಮನೆಯ ಮೇಜಿನ ಮೇಲೆ ಅವರು ನನಗೆ ಪಾಠ ಮಾಡಿದರು. ಅದನ್ನು ಆದಷ್ಟು ಅವರ ರೀತಿಯಲ್ಲೇ ಹೇಳುತ್ತೇನೆ.

ಮೊರದಲ್ಲಿ ರಾಗಿ ಸುರಿಯಿರಿ. ರಾಶಿಯಾಗಿ ನಿಲ್ಲುತ್ತದೆ, ಯಾಕೆಂದರೆ ಕಾಳು ಕಾಳನ್ನು ಹಿಡಿದುಕೊಳ್ಳುತ್ತದೆ. ಅದೇ ಮೊರಕ್ಕೆ ನೀರು ಸುರಿದರೆ ರಾಶಿ ಎಂಬುದೇ ಇಲ್ಲ. ಮಣ್ಣೂ ರಾಗಿಯ ಹಾಗೆ. ತನ್ನ ಭಾರದ ಹೆಚ್ಚಿನ ಪಾಲನ್ನು ತಾನೇ ಹೊತ್ತುಕೊಂಡು, ಮಿಕ್ಕದ್ದನ್ನು ಮಾತ್ರ ಗೋಡೆಯ ಮೇಲೆ ಹಾಕುತ್ತದೆ. ಒಳ್ಳೆಯ ಮರಳು ಮಣ್ಣಾದರೆ ಆ ಪಾಲು ಸುಮಾರು ಮೂರರಲ್ಲಿ ಒಂದು. ನೀರಿಗೆ ಆ ಸೌಜನ್ಯವಿಲ್ಲ. ಎಷ್ಟು ಆಳವೋ ಅಷ್ಟು ಒತ್ತಡವನ್ನು ಕೆಳಕ್ಕೂ ಪಕ್ಕಕ್ಕೂ ಸಮನಾಗಿ ಹಾಕುತ್ತದೆ. ಮಣ್ಣಿನ ಒತ್ತಡವನ್ನು ಲೆಕ್ಕಕ್ಕೆ ತಂದವನು ಫ್ರಾನ್ಸಿನ ಕೂಲಂಬ್, 1776ರಲ್ಲಿ ಪ್ರಕಟವಾದ ಲೇಖನದಲ್ಲಿ. ಹೌದು, ಹೈಸ್ಕೂಲಿನ ಭೌತಶಾಸ್ತ್ರದಲ್ಲಿ ವಿದ್ಯುತ್ತಿನ ಪಾಠದಲ್ಲಿ ಬರುವ ಅದೇ ಕೂಲಂಬ್. ಮಣ್ಣಿನೊಳಗಿನ ನೀರು ಕಾಳುಗಳ ಹಿಡಿತವನ್ನು ಹೇಗೆ ಸಡಿಲಿಸುತ್ತದೆಂದು ತೋರಿಸಿಕೊಟ್ಟವರು 1920ರ ದಶಕದಲ್ಲಿ ಕಾರ್ಲ್ ಟೆರ್ಜಾಗಿ. ನೀರಿನಲ್ಲಿ ಮುಳುಗಿದ ಕಾಳು ಹಗುರವಾಗುತ್ತದೆ, ಹಗುರವಾದದ್ದರ ಹಿಡಿತವೂ ಹಗುರ.

ಲೆಕ್ಕವನ್ನೇ ನೋಡಿ. ನನ್ನ 6 ಅಡಿ ಗೋಡೆಯ ಹಿಂದೆ ಘನ ಅಡಿಗೆ 120 ಪೌಂಡು ತೂಗುವ ಮರಳು ಮಣ್ಣಿದ್ದು, ನೀರು ಬಸಿದು ಹೋಗುತ್ತಿದ್ದರೆ, ಗೋಡೆಯ ಒಂದೊಂದು ಅಡಿ ಉದ್ದದ ಮೇಲೆ ಬೀಳುವ ತಳ್ಳು ಸುಮಾರು 720 ಪೌಂಡು. ನೀರು ಮೇಲಿನವರೆಗೆ ತುಂಬಿ ನಿಂತರೆ? ಮುಳುಗಿದ ಮಣ್ಣಿನ ಪಾಲು ಅರ್ಧದಷ್ಟಕ್ಕೆ ಇಳಿಯುತ್ತದೆ, ನಿಜ. ಆದರೆ ನೀರಿನದೇ 1,120 ಪೌಂಡು ಬಂದು ಸೇರಿಕೊಂಡು ಒಟ್ಟು 1,480 ಆಗುತ್ತದೆ. ಇಮ್ಮಡಿಗಿಂತ ಹೆಚ್ಚು! 40 ಅಡಿ ಉದ್ದಕ್ಕೆ ಈ ಹೆಚ್ಚುವರಿಯೇ 30,000 ಪೌಂಡು, ಎಂದರೆ ಎಂಟು-ಹತ್ತು ಕಾರುಗಳನ್ನು ತಂದು ಗೋಡೆಗೆ ಒರಗಿಸಿದ ಹಾಗೆ. ನಮ್ಮ ಜೇಡಿಮಣ್ಣಿಗೆ ಲೆಕ್ಕ ಇನ್ನೂ ಕೆಟ್ಟದ್ದು. ಚಳಿಗಾಲದಲ್ಲಿ ಅದೇ ನೀರು ಹೆಪ್ಪುಗಟ್ಟಿದರೆ ನೂರಕ್ಕೆ ಒಂಬತ್ತು ಪಾಲು ಉಬ್ಬುತ್ತದೆ. ಫ್ರೀಜರಿನಲ್ಲಿ ಮರೆತ ಗಾಜಿನ ಬಾಟಲಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಇನ್ನೊಂದು ಮಾತು: ಗೋಡೆಯ ಎತ್ತರ ಇಮ್ಮಡಿಯಾದರೆ ತಳ್ಳು ನಾಲ್ಕು ಪಟ್ಟು. ಮೂರಡಿಯ ಹೂವಿನ ಕಟ್ಟೆಯನ್ನು ನೀವೇ ಕಟ್ಟಿ ಗೆದ್ದಿರಬಹುದು. ಆರಡಿಯದು ಬೇರೆಯೇ ಪ್ರಾಣಿ.

“ಗೋಡೆ ಕಟ್ಟೋದು ಮಣ್ಣಿಗೆ. ನೀರಿಗೆ ಕಟ್ಟಿದ್ರೆ ಅದು ಅಣೆಕಟ್ಟು. ನಿಮ್ಮ ಕಂಟ್ರಾಕ್ಟರು ಗೋಡೆಯ ರೇಟಿಗೆ ಅಣೆಕಟ್ಟು ಕಟ್ಟಿದ್ದಾನೆ” ಎಂದರು ಮಾವ. ಅದನ್ನು ಪೂರ್ಣಗೊಳಿಸಿದವನು ನಾನು ಎಂಬ ಭಾಗವನ್ನು ದೊಡ್ಡ ಮನಸ್ಸಿನಿಂದ ಬಿಟ್ಟರು.

ನನಗೆ ಒಂದು ಸಂದೇಹ ಬಂತು. 58 ಇಂಚು ಮಳೆಗೆ ಇಲ್ಲಿ ಇಷ್ಟು ಗಲಾಟೆ. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ನಮ್ಮಜ್ಜನ ಮನೆಯ ಅಂಗಳದ ಕೆಳಗೆ, ಅಡಿಕೆ ತೋಟದ ಮೇಲೆ ಇದ್ದ ಕಾಡುಗಲ್ಲಿನ ಗೋಡೆ ಇದನ್ನೆಲ್ಲ ಹೇಗೆ ತಡೆಯಿತು? ಮಾವನ ಉತ್ತರ: ಅದು ತಡೆಯಲೇ ಇಲ್ಲ. ಆ ಗೋಡೆಗೆ ಗಾರೆಯಿಲ್ಲ, ಮಣ್ಣಿನ ಮೆತ್ತುವಿಕೆಯೂ ಇಲ್ಲ. ಬರೀ ಕಲ್ಲಿಗೆ ಕಲ್ಲು ಕೂರಿಸಿ, ತುಸು ಒಳಕ್ಕೆ ವಾಲಿಸಿ ಕಟ್ಟಿದ್ದು. ಮಳೆಗಾಲದಲ್ಲಿ ಅದರ ಸಂದು ಸಂದಿನಲ್ಲಿ ನೀರು ಜಿನುಗುತ್ತಿತ್ತು, ಪಾಚಿ ಬೆಳೆಯುತ್ತಿತ್ತು, ನಾವು ಮಕ್ಕಳು ಅಲ್ಲಿ ಏಡಿ ಹುಡುಕುತ್ತಿದ್ದೆವು. ಮೇಲುಗಡೆ ಅಂಗಳದಂಚಿನಲ್ಲಿ ಒಂದು ಕಾಲುವೆ ಮಳೆನೀರನ್ನು ಗೋಡೆಗೆ ತಾಕದಂತೆ ಬದಿಗೆ ಒಯ್ಯುತ್ತಿತ್ತು. ಕೆಳಗೆ ತೋಟದ ಬಸಿಗಾಲುವೆ ಜಿನುಗಿದ್ದನ್ನು ಹೊತ್ತುಕೊಂಡು ಹೋಗುತ್ತಿತ್ತು. ಮೇಲೊಂದು ದಾರಿ, ನಡುವೆ ದಾರಿ, ಕೆಳಗೊಂದು ದಾರಿ. ಮಳೆಗಾಲಕ್ಕೆ ಮುಂಚೆ ಕಾಲುವೆ ಬಿಡಿಸುವುದು ಮನೆಯ ಗಂಡಸರ ಕೆಲಸ. ಇಷ್ಟೇ ಗುಟ್ಟು. ಅದೇ ಊರಿನಲ್ಲಿ ಆಮೇಲೆ ಸಿಮೆಂಟು ಬಂದು, ಕಲ್ಲಿನ ಸಂದನ್ನೆಲ್ಲ ಚಂದಕ್ಕೆಂದು ಮೆತ್ತಿಸಿದವರ ಗೋಡೆಗಳು ಉಬ್ಬಿ ಬಿದ್ದದ್ದನ್ನು ಅವರು ಸರ್ವೀಸಿನಲ್ಲಿ ಬೇಕಾದಷ್ಟು ನೋಡಿದ್ದರಂತೆ.

ಮರುದಿನ ಒಬ್ಬ ಲೈಸೆನ್ಸ್ ಇರುವ ಇಂಜಿನಿಯರನ್ನು ಕರೆಸಿದೆವು. ಆತನ ಸಮ್ಮುಖದಲ್ಲಿ, ಗೋಡೆಯ ಮುಂದೆ ಯಾರೂ ನಿಲ್ಲದೆ, ಬದಿಯಿಂದ ಉದ್ದನೆಯ ಹಾರೆ ಚಾಚಿ ನನ್ನ ಸಿಮೆಂಟಿನ ತೇಪೆ ಒಡೆದೆವು. ಬಟ್ಟೆ ಹೊರಬಂದದ್ದೇ ಕಂದು ಬಣ್ಣದ ನೀರು ಮೂರಡಿ ದೂರಕ್ಕೆ ಚಿಮ್ಮಿತು. ರಾತ್ರಿ ಮಲಗುವಾಗಲೂ ಹರಿಯುತ್ತಲೇ ಇತ್ತು. ಅದರ ಸದ್ದು ಕೇಳುತ್ತ ನನಗೆ ನಿದ್ದೆ ಬರಲಿಲ್ಲ. ನೀರು ಇಳಿದರೂ ಗೋಡೆ ಹಿಂದಕ್ಕೆ ಹೋಗಲಿಲ್ಲ. ಒಮ್ಮೆ ಬಗ್ಗಿದ ಗೋಡೆ ತಾನಾಗಿ ನೆಟ್ಟಗಾಗುವುದಿಲ್ಲ. ಕೆಡವಲೇಬೇಕೆಂದು ಇಂಜಿನಿಯರು ಬರೆದುಕೊಟ್ಟರು. ಕಂಟ್ರಾಕ್ಟರಿನ ಫೋನು ಆ ವೇಳೆಗೆ ಬೇರೆ ಯಾರದೋ ಆಗಿತ್ತು. ಮನೆಯ ವಿಮೆಯವರು ಪಾಲಿಸಿಯ ಒಂದು ಸಾಲನ್ನು ತೋರಿಸಿದರು: ಭೂಮಿ ಸರಿಯುವುದರಿಂದ ಆಗುವ ನಷ್ಟ ಸೇರಿಲ್ಲ. ಇಲ್ಲಿಯ ಸಾಮಾನ್ಯ ಮನೆ ಪಾಲಿಸಿಗಳಲ್ಲಿ ಈ ಸಾಲು ಇದ್ದೇ ಇರುತ್ತದೆ. ನಿಮ್ಮದನ್ನು ಇಂದೇ ತೆಗೆದು ನೋಡಿ.

ಕೆಡವಿದಾಗ ಒಳಗಿನ ಸತ್ಯ ಹೊರಬಂತು. ಪೈಪು ಇತ್ತು, ಸುಳ್ಳು ಹೇಳಬಾರದು. ಆದರೆ ಅದರ ಸುತ್ತ ಜಲ್ಲಿ ಇರಲಿಲ್ಲ. ಅಗೆದ ಕೆಂಪು ಜೇಡಿಮಣ್ಣನ್ನೇ ಮತ್ತೆ ತುಂಬಿದ್ದರು. ಪೈಪಿನ ತೂತುಗಳು ಮಣ್ಣಿನಿಂದ ಮುಚ್ಚಿಹೋಗಿದ್ದವು. ಅದರ ಬಾಯಿ ಹುಲ್ಲಿನಡಿ ಒಂದಡಿ ಆಳದಲ್ಲಿ, ಮಣ್ಣಿನೊಳಗೇ ಕೊನೆಗೊಂಡಿತ್ತು. ಎಲ್ಲಿಂದಲೋ ಹೊರಟು ಎಲ್ಲಿಗೂ ಹೋಗದ ಪೈಪು.

ಎರಡನೆಯ ಗೋಡೆಯ ವಿವರವನ್ನು ಕೊಂಚ ನಿಧಾನವಾಗಿ ಹೇಳುತ್ತೇನೆ, ಕೂಟದಲ್ಲಿ ಕೇಳಿದವರಿಗೆ ಬೇಕಾದದ್ದು ಅದೇ. 4 ಅಡಿ ಮೀರಿದ ತಡೆಗೋಡೆಗೆ ಇಲ್ಲಿ ಸಾಮಾನ್ಯವಾಗಿ ಪರ್ಮಿಟ್ಟು ಬೇಕು. ಮೇಲೆ ಡ್ರೈವ್‌ವೇಯಂಥ ಭಾರವಿದ್ದರೆ ಅದಕ್ಕಿಂತ ಗಿಡ್ಡ ಗೋಡೆಗೂ ಬೇಕಾದೀತು. ನಿಮ್ಮ ಟೌನ್‌ಶಿಪ್ಪಿನಲ್ಲಿ ವಿಚಾರಿಸಿಕೊಳ್ಳಿ. ಅಗೆಯುವ ಮೂರು ಕೆಲಸದ ದಿನ ಮುಂಚೆ 811ಕ್ಕೆ ಫೋನು ಮಾಡಿದರೆ ಗ್ಯಾಸು, ಕರೆಂಟಿನ ಲೈನುಗಳನ್ನು ಬಿಟ್ಟಿಯಾಗಿ ಗುರುತು ಹಾಕಿಕೊಡುತ್ತಾರೆ. ಗಾರೆಯಿಲ್ಲದೆ ಒಂದಕ್ಕೊಂದು ಕಚ್ಚಿ ಕೂರುವ ಕಾಂಕ್ರೀಟು ಬ್ಲಾಕುಗಳನ್ನು ಆರಿಸಿದೆವು. ಇವು 1980ರ ದಶಕದ ಮಧ್ಯಭಾಗದಿಂದ ಈ ದೇಶದಲ್ಲಿ ಪ್ರಚಾರಕ್ಕೆ ಬಂದವು. ಒಂದೊಂದು ವರಸೆ ತುಸು ಹಿಂದಕ್ಕೆ ಸರಿಯುತ್ತ ಹೋಗುವುದನ್ನು ಕಂಡು ಮಾವ, “ನಮ್ಮ ಕಾಡುಗಲ್ಲಿನ ಗೋಡೆಯೇ, ಪ್ಯಾಂಟು ಹಾಕ್ಕೊಂಡು ಬಂದದೆ” ಎಂದರು. ವರಸೆಗಳ ನಡುವೆ ಹಿಂದಿನ ಮಣ್ಣಿನೊಳಕ್ಕೆ ಚಾಚುವ ಪ್ಲಾಸ್ಟಿಕ್ಕಿನ ಜಾಲರಿ ಹಾಸಿದರು. ಅದರ ಉದ್ದ, ಅಂತರಗಳನ್ನು ಇಂಜಿನಿಯರು ನಕ್ಷೆಯಲ್ಲಿ ಬರೆದುಕೊಟ್ಟಂತೆ.

ಆದರೆ ಜೀವವಿರುವುದು ಗೋಡೆಯ ಬೆನ್ನಿನಲ್ಲಿ. ಬ್ಲಾಕಿನ ಹಿಂದೆ ಒಂದಡಿ ಅಗಲಕ್ಕೆ, ಬುಡದಿಂದ ಹೆಚ್ಚುಕಡಿಮೆ ಮೇಲಿನವರೆಗೆ, ಮುಕ್ಕಾಲು ಇಂಚಿನ ತೊಳೆದ ಜಲ್ಲಿ. ‘ತೊಳೆದ’ ಎಂಬ ಮಾತಿಗೆ ಅಡ್ಡಗೆರೆ ಎಳೆದುಕೊಳ್ಳಿ. ಲಾರಿಯವನು ಅಗ್ಗಕ್ಕೆ ಕೊಡುವ ಪುಡಿ ಬೆರೆತ ಜಲ್ಲಿ ನಾಲ್ಕು ಮಳೆಗೆ ಗಟ್ಟಿಯಾಗುತ್ತದೆ. ಜಲ್ಲಿಗೂ ಹಿಂದಿನ ಜೇಡಿಮಣ್ಣಿಗೂ ನಡುವೆ ಸೋಸುವ ಬಟ್ಟೆ. ಇದು ಯಾಕೆಂದು ನಮ್ಮ ಹೆಂಗಸರಿಗೆ ವಿವರಿಸಬೇಕಾಗಿಲ್ಲ. ಕಾಫಿ ಫಿಲ್ಟರಿಗೆ ತೀರ ನುಣ್ಣಗಿನ ಪುಡಿ ಹಾಕಿದರೆ ತೂತು ಮುಚ್ಚಿ ಡಿಕಾಕ್ಷನ್ ಇಳಿಯುವುದೇ ಇಲ್ಲ. ತೂತು ದೊಡ್ಡದಾದರೆ ಪುಡಿಯೆಲ್ಲ ಕೆಳಗೆ. ನೀರು ಬರಬೇಕು, ಮಣ್ಣು ಬರಬಾರದು. ಬುಡದಲ್ಲಿ ಜಲ್ಲಿಯ ಹಾಸಿಗೆಯ ಮೇಲೆ 4 ಇಂಚಿನ ತೂತುಳ್ಳ ಗಟ್ಟಿ ಪೈಪು, 8 ಅಡಿಗೆ ಕನಿಷ್ಠ ಒಂದಿಂಚು ಇಳಿಜಾರು. ತೂತು ಮೇಲ್ಮುಖವೋ ಕೆಳಮುಖವೋ ಎಂದು ಹಾರ್ಡ್‌ವೇರ್ ಅಂಗಡಿಯಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ಕೆಳಮುಖವೇ ಸರಿ: ನೀರು ಜಲ್ಲಿಯ ತಳದಲ್ಲಿ ನಿಂತು ಏರುವಾಗ ಮೊದಲು ಸಿಗುವ ತೂತಿನಿಂದಲೇ ಒಳಹೊಕ್ಕು ಹೋಗಲಿ ಎಂದು.

ಇಂಥ ಜಲ್ಲಿಕಾಲುವೆಗೆ ಇಲ್ಲಿಯವರು ‘ಫ್ರೆಂಚ್ ಡ್ರೈನ್’ ಎನ್ನುತ್ತಾರೆ. ಫ್ರಾನ್ಸಿಗೂ ಇದಕ್ಕೂ ಸಂಬಂಧವಿಲ್ಲ. ಮ್ಯಾಸಚೂಸೆಟ್ಸಿನ ಕಾಂಕರ್ಡಿನ ಹೆನ್ರಿ ಫ್ಲ್ಯಾಗ್ ಫ್ರೆಂಚ್ ಎಂಬ ನ್ಯಾಯಾಧೀಶರು 1859ರಲ್ಲಿ ಹೊಲಗಳ ನೀರು ಬಸಿಯುವ ಬಗೆಗೆ ಒಂದು ಪುಸ್ತಕ ಬರೆದರು, ಹೆಸರು ಅವರದು. ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದಲ್ಲಿ ಕುರ್ಚಿಯಲ್ಲಿ ಕುಳಿತ ಲಿಂಕನ್ನರ ಮೂರ್ತಿಯ ಮುಂದೆ ನಾವೆಲ್ಲ ಫೋಟೋ ತೆಗೆಸಿಕೊಂಡಿದ್ದೇವಲ್ಲ, ಅದನ್ನು ರೂಪಿಸಿದ ಶಿಲ್ಪಿ ಡೇನಿಯಲ್ ಚೆಸ್ಟರ್ ಫ್ರೆಂಚ್ ಇವರ ಮಗ. ಅಪ್ಪನಿಗೆ ಎಲ್ಲೂ ಮೂರ್ತಿ ಕಂಡಿಲ್ಲ; ಉಪಕಾರ ಮಾತ್ರ ಅಪ್ಪನದೇ ಹೆಚ್ಚೆಂದು ನನ್ನ ಮತ.

ಪೈಪಿನ ಬಾಯಿಯನ್ನು ಈ ಸಲ ಗೋಡೆಯ ತಗ್ಗಿನ ತುದಿಯಲ್ಲಿ, ಹುಲ್ಲಿನ ಇಳಿಜಾರಿನಲ್ಲಿ, ಕಣ್ಣಿಗೆ ಕಾಣುವಂತೆ ಹೊರಗೆ ತಂದೆವು. ಚಿಪ್‌ಮಂಕುಗಳು ಒಳಗೆ ಸಂಸಾರ ಹೂಡದಂತೆ ಬಾಯಿಗೆ ಜಾಲರಿ. ಎತ್ತರದ ತುದಿಯಲ್ಲಿ ಪೈಪನ್ನು ನೆಲದವರೆಗೆ ಏರಿಸಿ ಮುಚ್ಚಳ ಹಾಕಿದೆವು. ವರ್ಷಕ್ಕೊಮ್ಮೆ ಅದರಲ್ಲಿ ತೋಟದ ಹೋಸು ಬಿಟ್ಟರೆ ಇನ್ನೊಂದು ತುದಿಯಲ್ಲಿ ನೀರು ಬರಬೇಕು. ಕಾಲುದಾರಿಗೂ ಗೋಡೆಗೂ ನಡುವೆ ಗೇಣಗಲದ ಜಲ್ಲಿಯ ಬಸಿಗಾಲುವೆ ತೆಗೆದದ್ದರಿಂದ ಬ್ಲಾಕಿನ ಸಂದಿನಲ್ಲಿ ಜಿನುಗಿದ ನೀರು ದಾರಿಗೆ ಬರುವುದಿಲ್ಲ, ಹೆಪ್ಪುಗಟ್ಟುವುದೂ ಇಲ್ಲ. 2017ರಲ್ಲಿ ನಾನು ಮಾಡಬೇಕಾಗಿದ್ದ ಕೆಲಸ ಅದೊಂದೇ. ಒಂದು ಶನಿವಾರದ ಕೆಲಸ.

ಗೋಡೆಯ ತಲೆಯ ಮೇಲೆ ಜಲ್ಲಿಗೆ ಬಟ್ಟೆ ಮಡಚಿ ಹೊದಿಸಿ, ಸುಮಾರು 8 ಇಂಚು ಬಿಗಿ ಮಣ್ಣು ಹಾಕಿ, ಗೋಡೆಯಿಂದ ಆಚೆಗೆ ಸಣ್ಣ ತಗ್ಗಿನ ಕಾಲುವೆ ಮಾಡಿದೆವು. ಮಳೆಯ ಮೇಲ್ನೀರು ಜಲ್ಲಿಗೆ ಇಳಿಯಲೇಬಾರದು; ಬೆನ್ನಿನ ಜಲ್ಲಿ ಇರುವುದು ಮಣ್ಣಿನೊಳಗಿಂದ ಊರಿ ಬರುವ ನೀರಿಗೆ ಮಾತ್ರ. ಚಾವಣಿಯ ನೀರಿನ ಕೊಳವೆಯನ್ನು, ಅಂದರೆ ಡೌನ್‌ಸ್ಪೌಟನ್ನು, ಈ ತೂತಿನ ಪೈಪಿಗೆ ಜೋಡಿಸುವ ಬುದ್ಧಿವಂತಿಕೆಯನ್ನು ಕೆಲವರು ಮಾಡುತ್ತಾರೆ. ಬೇಡ. ನೀರನ್ನು ಗೋಡೆಯ ಹಿಂದಕ್ಕೆ ಆಮಂತ್ರಣ ಕೊಟ್ಟು ಕರೆದ ಹಾಗಾಗುತ್ತದೆ.

ಡೌನ್‌ಸ್ಪೌಟ್ ಎಂದೊಡನೆ ಮೇಲ್ಮನೆಯವರ ವಿಷಯ ಬಂತು. ಅವರ ಚಾವಣಿಯ ಅರ್ಧಭಾಗದ, ಎಂದರೆ ಸುಮಾರು 800 ಚದರಡಿಯ ನೀರು, ನಮ್ಮ ಬೇಲಿಯ ಮೂಲೆಗೇ ಬೀಳುತ್ತಿತ್ತು. ಒಂದಿಂಚು ಮಳೆಗೆ 500 ಗ್ಯಾಲನ್! ಅವರು ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು, ಮಾತು ಕಡಿಮೆ. ಒಂಬತ್ತು ವರ್ಷದಲ್ಲಿ ನಾವು ಕೈಯೆತ್ತಿ ‘ಹಾಯ್’ ಎಂದದ್ದು ಬಿಟ್ಟರೆ ಬೇರೆ ಬಳಕೆಯಿರಲಿಲ್ಲ. ವಕೀಲರ ಕಾಗದ ಬರೆಸೋಣವೇ ಎಂದು ನಾನು ಯೋಚಿಸುತ್ತಿದ್ದಾಗ ಮಾವ ಒಂದು ಡಬ್ಬ ಕೋಡುಬಳೆ ಹಿಡಿದು ಅವರ ಮನೆಯ ಮೆಟ್ಟಿಲು ಹತ್ತಿಯೇಬಿಟ್ಟರು. ಇವರ ಇಂಗ್ಲಿಷು ಅವರಿಗೆ, ಅವರದು ಇವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಒಂದು ಗಂಟೆಯ ಮೇಲೆ ಇಬ್ಬರೂ ಬೇಲಿಯ ಮೂಲೆಯಲ್ಲಿ ನಿಂತು ಕೈತೋರಿಸಿ ಮಾತಾಡುತ್ತಿದ್ದರು. ಆ ವಾರದಲ್ಲೇ ಅವರು ಕೊಳವೆಯನ್ನು ತಮ್ಮ ಖರ್ಚಿನಲ್ಲೇ ಅವರ ಮುಂದಿನ ರಸ್ತೆಯ ಕಡೆಗೆ ತಿರುಗಿಸಿಕೊಂಡರು. ಗೋಡೆ ಬಿದ್ದಿದ್ದರೆ ತಮ್ಮ ಬೇಲಿಯೂ ಷೆಡ್ಡೂ ನಮ್ಮ ಹಿತ್ತಿಲಿಗೆ ಬರುತ್ತಿತ್ತೆಂಬುದು ಅವರಿಗೆ ನನಗಿಂತ ಬೇಗ ಹೊಳೆದಿತ್ತು.

ಗೋಡೆಯ ಕೆಲಸ ನಡೆಯುತ್ತಿದ್ದ ಆಗಸ್ಟಿನಲ್ಲಿ ಕೊಡಗಿನ ಸುದ್ದಿ ಬಂತು. ಅದು ಗೋಡೆಯ ಮಾತಲ್ಲ, ಇಡೀ ಬೆಟ್ಟಗಳು ಮನೆ ತೋಟಗಳ ಸಮೇತ ಜಾರಿದ ಮಾತು. ನಮ್ಮ ಹಿತ್ತಿಲಿನ ಕಥೆಯನ್ನು ಅದರ ಪಕ್ಕದಲ್ಲಿ ಇಡುವುದೂ ತಪ್ಪಾದೀತು. ಆದರೂ ಮಾವ ರಾತ್ರಿಯೆಲ್ಲ ಟೀವಿಯ ಮುಂದೆ ಕುಳಿತಿದ್ದರು. ಬೆಳಗ್ಗೆ ಕೆಲಸದವರು ಬರುವ ಮೊದಲೇ ಹೋಗಿ, ಹಿಂದಿನ ದಿನ ಸುರಿದ ಜಲ್ಲಿಯನ್ನು ಕೈಯಲ್ಲಿ ಹಿಡಿದು ಪುಡಿ ಇದೆಯೇ ಎಂದು ನೋಡುತ್ತಿದ್ದರು. ಅಂದು ಒಂದು ಲೋಡನ್ನು ವಾಪಸು ಕಳಿಸಿದರು. ಮೇಸ್ತ್ರಿ ಗೊಣಗಿದರೂ ಕಳಿಸಿದ. ಒಟ್ಟು ಖರ್ಚು 23,000 ಡಾಲರು. ಅದರಲ್ಲಿ ಜಲ್ಲಿ, ಬಟ್ಟೆ, ಪೈಪು ಮೂರಕ್ಕೂ ಸೇರಿ ಹತ್ತನೆಯ ಒಂದು ಪಾಲೂ ಇಲ್ಲ. ಮೊದಲನೆಯವನು ಉಳಿಸಿದ್ದು ಅಷ್ಟನ್ನೇ.

ನಿಮ್ಮ ಮನೆಯಲ್ಲಿ, ಅಥವಾ ಕೊಳ್ಳಬೇಕೆಂದಿರುವ ಮನೆಯಲ್ಲಿ ತಡೆಗೋಡೆ ಇದ್ದರೆ ಒಂದು ಜೋರು ಮಳೆಯ ಮರುದಿನ ಹೋಗಿ ನೋಡಿ. ನೀರು ಹೊರಬರುವ ಬಾಯಿ ಎಲ್ಲಿದೆ? ಮಳೆ ಬಂದರೂ ಬಾಯಿ ಒಣಗಿದ್ದರೆ ಅನುಮಾನಿಸಿ. ಗೋಡೆಯ ಮೇಲೆ ಬಿಳಿ ಉಪ್ಪಿನಂಥ ಕಲೆ, ಬೇಸಿಗೆಯಲ್ಲೂ ಆರದ ತೇವ, ಅಡ್ಡಡ್ಡ ಬಿರುಕು, ಗೋಡೆಯ ತಲೆಯ ಹಿಂದೆ ನೆಲದಲ್ಲಿ ಗೋಡೆಗುಂಟ ಬಾಯಿಬಿಟ್ಟ ಸೀಳು, ಇವು ಒಳಗೆ ನೀರು ನಿಂತಿರುವ ಅಥವಾ ಗೋಡೆ ಸರಿಯುತ್ತಿರುವ ಗುರುತುಗಳು. ತಿಂಗಳಿಗೊಮ್ಮೆ ದಾರ ಇಳಿಬಿಟ್ಟು ಅಳೆದು ಕ್ಯಾಲೆಂಡರಿನ ಮೇಲೆ ಬರೆದಿಡಿ. 2005ರ ಮೇ 12ರಂದು ನ್ಯೂಯಾರ್ಕಿನ ಮ್ಯಾನ್‌ಹಾಟನ್ನಿನಲ್ಲಿ ಕ್ಯಾಸಲ್ ವಿಲೇಜ್ ಎಂಬ ವಸತಿ ಸಮುಚ್ಚಯದ ಸುಮಾರು 75 ಅಡಿ ಎತ್ತರದ ಹಳೆಯ ಕಲ್ಲುಗೋಡೆ ಹೆನ್ರಿ ಹಡ್ಸನ್ ಪಾರ್ಕ್‌ವೇ ಮೇಲೆ ಕುಸಿಯಿತು. ಅದು ಉಬ್ಬಿದ್ದು ಅಲ್ಲಿದ್ದವರಿಗೆ ಮೊದಲೇ ಗೊತ್ತಿತ್ತು. ಉಬ್ಬಿದ ಗೋಡೆಗೆ ನೀವೇ ಕೈಹಾಕಬೇಡಿ, ಮುಂದೆ ನಿಂತು ತೂತು ಕೊರೆಯಲು ಹೋಗಬೇಡಿ. ಮಕ್ಕಳನ್ನು ದೂರವಿಟ್ಟು ಇಂಜಿನಿಯರನ್ನು ಕರೆಯಿರಿ. ಗೋಡೆಯ ತಲೆಯ ಮೇಲೆ ತರಕಾರಿ ಮಡಿ ಮಾಡಿ ದಿನವೂ ಸ್ಪ್ರಿಂಕ್ಲರು ಬಿಡುವವರಿಗೂ ಒಂದು ಮಾತು: ಮಡಿಯನ್ನು ನಾಲ್ಕಾರಡಿ ಹಿಂದಕ್ಕೆ ಸರಿಸಿ. ನಾನೂ ನನ್ನ ಬದನೆಯನ್ನು ಸರಿಸಿದೆ.

ಮಾವನಿಗೆ ಈಗ ಎಂಬತ್ತಾಯಿತು. ಇಷ್ಟು ದೂರದ ಪ್ರಯಾಣ ಆಗುವುದಿಲ್ಲ. ಭಾನುವಾರ ಬೆಳಗ್ಗೆ ಫೋನಿನಲ್ಲಿ ಮೊಮ್ಮಗಳ ಮುಖ ನೋಡಿ, ಅವಳ ಓದು ವಿಚಾರಿಸಿ ಆದ ಮೇಲೆ ನನ್ನನ್ನು ಕರೆಯುತ್ತಾರೆ. “ಮಳೆ ಬಂತೇನು? ಬಾಯಲ್ಲಿ ನೀರು ಬರ್ತಾ ಉಂಟಾ?” ನಾನು ಫೋನು ಹಿಡಿದು ಹಿತ್ತಿಲಿಗೆ ಹೋಗಿ ಪೈಪಿನ ಬಾಯಿಯನ್ನು ತೋರಿಸುತ್ತೇನೆ. ಕಳೆದ ವಾರ ಬೆರಳು ಗಾತ್ರಕ್ಕೆ ಹರಿಯುತ್ತಿತ್ತು, ನೀರು ತಿಳಿಯಾಗಿತ್ತು. ತಿಳಿಯೋ ಕೆಂಪೋ ಎಂದು ಅವರು ಎರಡು ಸಲ ಕೇಳಿದರು.

ಇಂಜಿನಿಯರು ಬರೆದ ಅಡ್ಡಸೀಳಿನ ನಕ್ಷೆಯ ಪ್ರತಿಗಳನ್ನು ದೀಪಾವಳಿ ಕೂಟಕ್ಕೆ ತರುತ್ತೇನೆ. ಬೇಕಾದವರು ಊಟಕ್ಕೆ ಮುಂಚೆ ಕೇಳಿ ಪಡೆಯಬಹುದು. ಬಿಸಿಬೇಳೆ ಭಾತಿನ ಸಾಲಿನಲ್ಲಿ ಮಾತ್ರ ಬೇಡ.